ದಾರಿ ತೋರುವವನ ಕೂಲಿ, ಕಾಡಿನ ಒಡೆತನ

ಸೆಪ್ಟೆಂಬರ್ ತಿಂಗಳು ಬಂತೆಂದರೆ ಅಮೆರಿಕದ ರಾಕಿ ಪರ್ವತಶ್ರೇಣಿಯ ಕಣಿವೆಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳು ಕೂಗತೊಡಗುತ್ತವೆ. ನಮ್ಮ ಕಡವೆಯ ದೂರದ ಬಂಧುವಾದ ಈ ಪ್ರಾಣಿಯ ಬಲಿತ ಗಂಡು ಮುನ್ನೂರು ಕಿಲೋಗ್ರಾಮಿನಷ್ಟು ತೂಗುತ್ತದೆ. ಅದರ ಕೂಗು ಮಾತ್ರ ಗಾತ್ರಕ್ಕೆ ಹೊಂದದ, ಕೊಳಲಿನಂತೆ ಏರುವ ಸಣ್ಣ ದನಿ. ಆ ದನಿಯನ್ನು ಅರಸಿ ಪ್ರತಿ ವರ್ಷ ಸಾವಿರಾರು ಬೇಟೆಗಾರರು ದೂರದ ರಾಜ್ಯಗಳಿಂದ ವಯೋಮಿಂಗ್, ಮೊಂಟಾನಾ, ಐಡಹೊ, ಕೊಲೊರಾಡೊ, ನ್ಯೂ ಮೆಕ್ಸಿಕೊ ರಾಜ್ಯಗಳಿಗೆ ಬರುತ್ತಾರೆ. ಅವರಲ್ಲಿ ಅನೇಕರು ತಿಂಗಳುಗಳ ಮೊದಲೇ ಸ್ಥಳೀಯ ಮಾರ್ಗದರ್ಶಿಯೊಬ್ಬನನ್ನು ಹಣಕೊಟ್ಟು ಗೊತ್ತುಮಾಡಿಕೊಂಡಿರುತ್ತಾರೆ. ಈ ಗೈಡುಗಾರಿಕೆಯೇ ಈ ಸಂಚಿಕೆಯ ಸಂಪಾದಕೀಯದ ವಿಷಯ.

ಬೇಟೆಯನ್ನು ಎಂದೂ ಹೊಗಳದ ಪತ್ರಿಕೆಯೊಂದು ಈ ವಿಷಯವನ್ನು ಏಕೆ ಎತ್ತಿಕೊಂಡಿತೆಂದು ಓದುಗರು ಕೇಳಬಹುದು. ಬೇಟೆ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ಬದಿಗಿಟ್ಟಿದ್ದೇವೆ. ಕಾಡುಪ್ರಾಣಿ ಯಾರದು, ಕಾಡಿನ ಜ್ಞಾನಕ್ಕೆ ಬೆಲೆ ಎಷ್ಟು, ಆ ಜ್ಞಾನವನ್ನು ಮಾರುವುದಕ್ಕೂ ಕಾಡಿನ ಬಾಗಿಲನ್ನೇ ಮಾರುವುದಕ್ಕೂ ನಡುವಣ ಗೆರೆ ಎಲ್ಲಿದೆ ಎಂಬ ಮೂರು ಪ್ರಶ್ನೆಗಳು ಬೆಟ್ಟಸೀಮೆಯಲ್ಲಿ ಬದುಕುವ ಎಲ್ಲರ ಪ್ರಶ್ನೆಗಳು. ಎಲ್ಕ್ ಬೇಟೆಯ ನಾಡಿನಲ್ಲಿ ಈ ಮೂರನ್ನೂ ನ್ಯಾಯಾಲಯಗಳು, ಶಾಸನಸಭೆಗಳು, ಮತದಾರರು ಬಹಿರಂಗವಾಗಿ ಚರ್ಚಿಸಿದ್ದಾರೆ. ಅವರ ಅನುಭವದಿಂದ ಕಲಿಯಬೇಕಾದದ್ದು ಸಾಕಷ್ಟಿದೆ.

ಮೊದಲು ಪ್ರಾಣಿಯ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಂಸ, ಚರ್ಮ, ಕಡೆಗೆ ಆಭರಣಕ್ಕೆ ಬಳಸುವ ಎರಡು ಹಲ್ಲುಗಳಿಗಾಗಿ ಎಲ್ಕ್‌ಗಳನ್ನು ಮಿತಿಯಿಲ್ಲದೆ ಕೊಲ್ಲಲಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಡೀ ಖಂಡದಲ್ಲಿ ಉಳಿದವು ಒಂದು ಲಕ್ಷಕ್ಕಿಂತ ಕಡಿಮೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಮತ್ತು ಅದರ ಆಸುಪಾಸಿನಲ್ಲಿ ಉಳಿದಿದ್ದ ಹಿಂಡುಗಳಿಂದ ಪ್ರಾಣಿಗಳನ್ನು ಹಿಡಿದು ಬೇರೆ ಬೇರೆ ರಾಜ್ಯಗಳಿಗೆ ಸಾಗಿಸಿ ಬಿಡಲಾಯಿತು. 1912ರಲ್ಲಿ ವಯೋಮಿಂಗ್‌ನ ಜಾಕ್ಸನ್ ಬಳಿ ಎಲ್ಕ್‌ಗಳಿಗೆಂದೇ ಚಳಿಗಾಲದ ಆಶ್ರಯಧಾಮ ಸ್ಥಾಪನೆಯಾಯಿತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ರಾಜ್ಯಗಳ ವನ್ಯಜೀವಿ ಕಾರ್ಯಕ್ಕೆ ಮೀಸಲಿಟ್ಟಿತು. ಇಂದು ಉತ್ತರ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಎಲ್ಕ್‌ಗಳಿವೆ.

ಈ ಚೇತರಿಕೆಯ ತಳಹದಿಯಲ್ಲಿ ಒಂದು ತತ್ತ್ವವಿದೆ. ಕಾಡುಪ್ರಾಣಿ ಯಾವ ಜಮೀನುದಾರನ ಸ್ವತ್ತೂ ಅಲ್ಲ. ಜನರೆಲ್ಲರ ಪರವಾಗಿ ರಾಜ್ಯವು ಅದನ್ನು ನ್ಯಾಸದಂತೆ ಕಾಪಾಡಬೇಕು. ಇಂಗ್ಲೆಂಡಿನಲ್ಲಿ ಬೇಟೆ ಪ್ರಾಣಿಗಳು ದೊರೆಗೂ ಜಮೀನುದಾರರಿಗೂ ಮೀಸಲಾಗಿದ್ದ ಪದ್ಧತಿಯನ್ನು ಹೊಸ ನಾಡಿನ ಜನ ತಿರಸ್ಕರಿಸಿದ್ದರ ಫಲವಿದು. ಕಾಡುಪ್ರಾಣಿಯ ಮಾಂಸವನ್ನು ಮಾರುಕಟ್ಟೆಯಲ್ಲಿ ಮಾರುವಂತಿಲ್ಲ ಎಂಬ ನಿಯಮ ಹುಟ್ಟಿದ್ದೂ ಇದೇ ತತ್ತ್ವದಿಂದ. ಮಾರಾಟಕ್ಕಿಲ್ಲದ ಪ್ರಾಣಿಯ ಸುತ್ತ ಮಾರಾಟವಾಗಬಲ್ಲ ಸೇವೆಯೊಂದು ಬೆಳೆದಾಗ ಏನಾಗುತ್ತದೆ ಎಂಬುದೇ ನಮ್ಮ ಮುಂದಿರುವ ವಿಚಾರ.

ಗೈಡ್ ಮಾಡುವ ಕೆಲಸವನ್ನು ಹಗುರವಾಗಿ ಕಾಣಬಾರದು. ಎರಡೂವರೆ ಮೂರು ಸಾವಿರ ಮೀಟರ್ ಎತ್ತರದ ಪರ್ವತದಲ್ಲಿ ಬೆಳಗಿನ ಗಾಳಿ ಕೆಳಗಿಳಿಯುತ್ತದೆ, ಬಿಸಿಲೇರಿದಂತೆ ಮೇಲೇರುತ್ತದೆ. ಮನುಷ್ಯನ ವಾಸನೆ ಯಾವ ಹೊತ್ತಿನಲ್ಲಿ ಯಾವ ಕಡೆ ಹರಡುತ್ತದೆಂಬುದನ್ನು ಆತ ಬಲ್ಲ. ಹಿಂಡು ಹಗಲಲ್ಲಿ ಯಾವ ಕಪ್ಪು ಮರಗಳ ನೆರಳಲ್ಲಿ ಮಲಗುತ್ತದೆ, ಗಂಡು ಯಾವ ಕೆಸರುಗುಂಡಿಯಲ್ಲಿ ಹೊರಳುತ್ತದೆ, ಹಿಕ್ಕೆ ಎಷ್ಟು ಹೊತ್ತಿನದು ಎಂಬುದನ್ನು ಓದಬಲ್ಲ. ಕುದುರೆ, ಹೇಸರಗತ್ತೆಗಳ ಮೇಲೆ ಡೇರೆ, ಆಹಾರ ಹೇರಿ ಶಿಬಿರ ಕಟ್ಟುತ್ತಾನೆ. ಪ್ರಾಣಿ ಬಿದ್ದಮೇಲೆ ಅದನ್ನು ಕಡಿದು, ಮಾಂಸ ಕೆಡದಂತೆ ತಂಪಾಗಿಸಿ, ನೂರು ಕಿಲೋಗ್ರಾಮಿಗೂ ಮೀರಿದ ಹೊರೆಯನ್ನು ರಸ್ತೆಗೆ ತಲುಪಿಸುತ್ತಾನೆ. ಇದೆಲ್ಲ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಒಂದೇ ಬೆಟ್ಟವನ್ನು ಹತ್ತಾರು ಋತುಗಳಲ್ಲಿ ಹತ್ತಿಳಿದವನಿಗೆ ಒಲಿಯುವ ವಿದ್ಯೆ.

ಈ ಕೆಲಸದಲ್ಲಿ ಪ್ರಾಣಾಪಾಯವೂ ಇದೆ. 2018ರ ಸೆಪ್ಟೆಂಬರಿನಲ್ಲಿ ವಯೋಮಿಂಗ್‌ನ ಟೀಟನ್ ಅರಣ್ಯದಲ್ಲಿ, ಫ್ಲಾರಿಡಾದಿಂದ ಬಂದಿದ್ದ ಬೇಟೆಗಾರನ ಬಾಣಕ್ಕೆ ಬಿದ್ದ ಎಲ್ಕ್‌ನ ಬಳಿ ಕೆಲಸದಲ್ಲಿದ್ದ ಗೈಡ್ ಒಬ್ಬರು ಗ್ರಿಜ್ಲಿ ಕರಡಿಯ ದಾಳಿಗೆ ಸಿಕ್ಕಿ ಮೃತಪಟ್ಟರು. ಗಾಯಗೊಂಡ ಬೇಟೆಗಾರ ಬದುಕುಳಿದರು. ಕೂಲಿಯ ಲೆಕ್ಕ ಹಾಕುವಾಗ ಇಂಥದ್ದನ್ನೂ ತಕ್ಕಡಿಯಲ್ಲಿಡಬೇಕಾಗುತ್ತದೆ.

ಆದರೆ ಬೇಟೆಗಾರ ಕೊಡುವ ಹಣವೆಲ್ಲ ಗೈಡಿನ ಕೈಸೇರುವುದಿಲ್ಲ. ಅಲ್ಲಿ ಎರಡು ಮೆಟ್ಟಿಲುಗಳಿವೆ. ಪರವಾನಗಿ, ವಿಮೆ, ಕುದುರೆ, ಶಿಬಿರ, ಗಿರಾಕಿಗಳ ಕರಾರು ಎಲ್ಲವನ್ನೂ ಹೊಂದಿರುವವನು ಔಟ್‌ಫಿಟರ್, ಅಂದರೆ ಬೇಟೆಯ ಗುತ್ತಿಗೆದಾರ. ಗೈಡ್ ಆತನ ಕೈಕೆಳಗೆ ಋತುವಿನ ಸಂಬಳಕ್ಕೆ ದುಡಿಯುವವನು. ಪೂರ್ಣ ಮಾರ್ಗದರ್ಶನದ ಒಂದು ವಾರದ ಎಲ್ಕ್ ಬೇಟೆಗೆ ಹಲವು ಸಾವಿರ ಡಾಲರುಗಳಾಗುತ್ತವೆ. ಖಾಸಗಿ ರ‍್ಯಾಂಚ್‌ಗಳಲ್ಲಿ ಹತ್ತು ಸಾವಿರ ಡಾಲರನ್ನೂ ಮೀರುತ್ತದೆ. ಗೈಡ್ ದಿನಗೂಲಿ ಮತ್ತು ಗಿರಾಕಿ ಕೊಡುವ ಭಕ್ಷೀಸನ್ನು ನೆಚ್ಚಿಕೊಂಡಿರುತ್ತಾನೆ. ಬೆಟ್ಟವನ್ನು ಬಲ್ಲವನೊಬ್ಬ, ಬೆಟ್ಟದಿಂದ ಗಳಿಸುವವನು ಇನ್ನೊಬ್ಬ ಎಂಬ ಸ್ಥಿತಿ ನಮಗೆ ಅಪರಿಚಿತವೇನಲ್ಲ.

ಇನ್ನು ಹೊರರಾಜ್ಯದವರ ವಿಚಾರ. ಸ್ಥಳೀಯರಿಗೆ ಒಂದು ಶುಲ್ಕ, ಹೊರಗಿನವರಿಗೆ ಅದರ ಹಲವು ಪಟ್ಟು ಎಂಬ ಪದ್ಧತಿ ಎಲ್ಲ ಎಲ್ಕ್ ರಾಜ್ಯಗಳಲ್ಲೂ ಇದೆ. 1976ರಲ್ಲಿ ಮೊಂಟಾನಾದ ನಿವಾಸಿ ಎಲ್ಕ್ ಪರವಾನಗಿಯೊಂದನ್ನೇ 9 ಡಾಲರಿಗೆ ಪಡೆಯಬಹುದಿತ್ತು. ಹೊರಗಿನವನು ಎಲ್ಕ್ ಬೇಟೆಗಾಗಿ 225 ಡಾಲರಿನ ಸಂಯುಕ್ತ ಪರವಾನಗಿಯನ್ನೇ ಕೊಳ್ಳಬೇಕಿತ್ತು. ಇದನ್ನು ಪ್ರಶ್ನಿಸಿದ ಮೊಕದ್ದಮೆ 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕುತೂಹಲದ ಸಂಗತಿಯೆಂದರೆ, ಬಾಲ್ಡ್‌ವಿನ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯ ಮೊದಲ ಅರ್ಜಿದಾರರು ಮೊಂಟಾನಾದ ನಿವಾಸಿಯೇ ಆಗಿದ್ದ ಬೇಟೆ ಗೈಡ್. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಹೊರಗಿನವರು. ಆರು ನ್ಯಾಯಾಧೀಶರ ಬಹುಮತದ ತೀರ್ಪು ಅವರ ವಿರುದ್ಧ ಬಂದಿತು. ವಿನೋದಕ್ಕಾಗಿ ಆಡುವ ಎಲ್ಕ್ ಬೇಟೆ ದೇಶದ ಪ್ರಜೆಗೆ ಎಲ್ಲ ರಾಜ್ಯಗಳಲ್ಲೂ ಸಮಾನವಾಗಿ ಸಲ್ಲಬೇಕಾದ ಮೂಲಭೂತ ಹಕ್ಕಲ್ಲ. ಹಿಂಡುಗಳನ್ನು ತೆರಿಗೆ ಕೊಟ್ಟು ಸಾಕುವ ಸ್ಥಳೀಯರಿಗೆ ರಿಯಾಯಿತಿ ಕೊಡುವುದು ತಪ್ಪಲ್ಲ ಎಂದು ನ್ಯಾಯಾಲಯ ಹೇಳಿತು.

ಆ ತೀರ್ಪಿನ ತರ್ಕ ನಮಗೆ ಒಪ್ಪಿಗೆಯಾಗುತ್ತದೆ. ಎಲ್ಕ್ ಹಿಂಡು ಚಳಿಗಾಲದಲ್ಲಿ ಇಳಿದು ಮೇಯುವುದು ಅಲ್ಲಿನ ರೈತನ ಹುಲ್ಲಿನ ಬಣವೆಯನ್ನು, ಮುರಿಯುವುದು ಅವನ ಬೇಲಿಯನ್ನು. ಕಾಡಿನ ಅಂಚಿನಲ್ಲಿ ಬೇಸಾಯ ಮಾಡುವವರಿಗೆ ಈ ಭಾರ ಎಂಥದೆಂದು ವಿವರಿಸಬೇಕಾಗಿಲ್ಲ. ಹೊರುವವನಿಗೆ ಒಂದಿಷ್ಟು ಹೆಚ್ಚಿನ ಪಾಲು ಸಿಗುವುದು ನ್ಯಾಯ. ಹೊರಗಿನವರ ಶುಲ್ಕದಿಂದಲೇ ಅಲ್ಲಿನ ವನ್ಯಜೀವಿ ಇಲಾಖೆಗಳು ಬಹುಮಟ್ಟಿಗೆ ನಡೆಯುತ್ತಿವೆ ಎಂಬುದನ್ನೂ ಮರೆಯಬಾರದು.

ತೊಡಕು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ವಯೋಮಿಂಗ್ ರಾಜ್ಯದ ಕಾನೂನಿನಂತೆ, ಒಕ್ಕೂಟ ಸರ್ಕಾರ ವಿಲ್ಡರ್‌ನೆಸ್ ಎಂದು ಘೋಷಿಸಿದ ರಕ್ಷಿತಾರಣ್ಯಗಳಲ್ಲಿ ಹೊರರಾಜ್ಯದವನು ಎಲ್ಕ್ ಮೊದಲಾದ ದೊಡ್ಡ ಮೃಗಗಳನ್ನು ಬೇಟೆಯಾಡಬೇಕಾದರೆ ಪರವಾನಗಿ ಪಡೆದ ಗೈಡನ್ನೋ, ಸಂಭಾವನೆಯಿಲ್ಲದೆ ಜೊತೆಗೆ ಬರಲೊಪ್ಪುವ ಸ್ಥಳೀಯ ನಿವಾಸಿಯನ್ನೋ ಕರೆದುಕೊಂಡೇ ಹೋಗಬೇಕು. ಸುರಕ್ಷತೆಗಾಗಿ ಈ ನಿಯಮ ಎಂಬುದು ಸಮರ್ಥನೆ. ದಾರಿ ತಪ್ಪಿದವರನ್ನು ಹುಡುಕುವ ಹೊಣೆ ಸ್ಥಳೀಯರ ಮೇಲೆ ಬೀಳುತ್ತದೆಂಬ ಮಾತೂ ನಿಜವೇ. ಆದರೆ ಅದೇ ಮನುಷ್ಯ ಅದೇ ಕಾಡಿನಲ್ಲಿ ಗೈಡಿಲ್ಲದೆ ಚಾರಣ ಮಾಡಬಹುದು, ವಾರಗಟ್ಟಲೆ ಡೇರೆ ಹಾಕಿ ತಂಗಬಹುದು, ಮೀನು ಹಿಡಿಯಬಹುದು. ಎಲ್ಕ್ ಪರವಾನಗಿ ಕಿಸೆಯಲ್ಲಿದ್ದರೆ ಮಾತ್ರ ಆತ ಕಾನೂನಿನ ಕಣ್ಣಿಗೆ ದಾರಿ ತಪ್ಪುವವನಾಗುತ್ತಾನೆ. ಹಿಮ, ಕರಡಿ, ಕಡಿದಾದ ಬಂಡೆಗಳು ಪರವಾನಗಿ ನೋಡಿ ಅಪಾಯ ತರುತ್ತವೆಯೇ? ಈ ಅರಣ್ಯಗಳಾದರೋ ಇಡೀ ದೇಶದ ಪ್ರಜೆಗಳಿಗೆ ಸೇರಿದ ಒಕ್ಕೂಟದ ಭೂಮಿ. ಇಲ್ಲಿ ಗೈಡಿನ ವಿದ್ಯೆಗೆ ಬೆಲೆ ಬಂದಿದೆಯೋ, ಬಾಗಿಲ ಕಾವಲಿಗೆ ಬೆಲೆ ಬಂದಿದೆಯೋ?

ನ್ಯೂ ಮೆಕ್ಸಿಕೊ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಲಾಟರಿಯಲ್ಲಿ ಹಂಚುವ ಪರವಾನಗಿಗಳಲ್ಲಿ ನೂರಕ್ಕೆ 84 ಸ್ಥಳೀಯರಿಗೆ, 10 ಔಟ್‌ಫಿಟರ್‌ನೊಂದಿಗೆ ಕರಾರು ಮಾಡಿಕೊಂಡವರಿಗೆ, 6 ಮಾತ್ರ ಕರಾರಿಲ್ಲದ ಹೊರಗಿನವರಿಗೆ. ಅಂದರೆ ಹೊರಗಿನವನೊಬ್ಬ ಗುತ್ತಿಗೆದಾರನಿಗೆ ಹಣ ತೆತ್ತರೆ ಬೇರೆಯೇ ಸಾಲಿನಲ್ಲಿ ನಿಲ್ಲಬಹುದು. ಸಾರ್ವಜನಿಕ ಸಂಪತ್ತಿನ ಹಂಚಿಕೆಯ ಚೀಟಿಗೆ ಖಾಸಗಿ ವ್ಯವಹಾರದ ರಸೀದಿ ಅರ್ಹತೆಯಾಗಿ ಬಂದದ್ದು ಹೀಗೆ.

ಮೊಂಟಾನಾದ ಜನ ಇಂಥದೇ ಪದ್ಧತಿಯನ್ನು ಮತ ಹಾಕಿ ತೆಗೆದುಹಾಕಿದರು. ಅಲ್ಲಿ ಔಟ್‌ಫಿಟರ್‌ಗಳ ಗಿರಾಕಿಗಳಿಗೆಂದೇ 5,500 ದೊಡ್ಡ ಮೃಗಗಳ ಸಂಯುಕ್ತ ಪರವಾನಗಿಗಳು ಮೀಸಲಾಗಿದ್ದವು. ಹೆಚ್ಚು ಹಣ ಕೊಟ್ಟವನಿಗೆ ಲಾಟರಿಯ ಅನಿಶ್ಚಯವಿರಲಿಲ್ಲ. ಗಿರಾಕಿಗಳು ಖಚಿತವಾಗಿದ್ದುದರಿಂದ ಗುತ್ತಿಗೆದಾರರು ಖಾಸಗಿ ಜಮೀನುಗಳನ್ನು ಬೇಟೆಗಾಗಿ ಗುತ್ತಿಗೆ ಹಿಡಿಯುತ್ತಿದ್ದಾರೆ, ಹಿಂದೆ ರೈತನನ್ನು ಕೇಳಿ ಒಳಹೋಗುತ್ತಿದ್ದ ಊರಿನವರಿಗೇ ಬೇಲಿ ಬೀಳುತ್ತಿದೆ ಎಂಬ ಕೂಗೆದ್ದಿತು. 2010ರ ನವೆಂಬರಿನಲ್ಲಿ ಮತದಾರರು ಆ ಮೀಸಲಾತಿಯನ್ನು ರದ್ದುಪಡಿಸಿದರು. ಆದರೆ 2021ರಲ್ಲಿ ಅಲ್ಲಿನ ಶಾಸನಸಭೆ, ಔಟ್‌ಫಿಟರ್‌ಗಳನ್ನು ಗೊತ್ತುಮಾಡಿಕೊಂಡೂ ಲಾಟರಿಯಲ್ಲಿ ಪರವಾನಗಿ ಸಿಗದ ಹೊರಗಿನವರಿಗೆ ಆ ವರ್ಷದ ಮಟ್ಟಿಗೆ ಮತ್ತೆ ಬಾಗಿಲು ತೆರೆಯಿತು. ಜನ ಮುಚ್ಚಿದ ಬಾಗಿಲಿಗೆ ಹಿಂದಿನಿಂದ ಕಿಂಡಿ ಕೊರೆಯುವ ಕಲೆ ಎಲ್ಲ ನಾಡುಗಳಲ್ಲೂ ಒಂದೇ.

ಗೈಡಿಲ್ಲದೆ ಹೋದ ಹೊರರಾಜ್ಯದವರ ಪ್ರಕರಣವೂ ಒಂದಿದೆ. ವಯೋಮಿಂಗ್‌ನ ಎಲ್ಕ್ ಮೌಂಟನ್ ಸುತ್ತ ಭೂಮಿಯು ಚದುರಂಗದ ಹಾಸಿನಂತೆ ಹಂಚಿಹೋಗಿದೆ: ಒಂದು ಚೌಕ ಸಾರ್ವಜನಿಕ, ಪಕ್ಕದ್ದು ಖಾಸಗಿ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಕಂಪನಿಗೆ ಕೊಟ್ಟ ಜಮೀನಿನ ಪರಿಣಾಮವಿದು. 2021ರಲ್ಲಿ ಮಿಸ್ಸೂರಿಯಿಂದ ಬಂದ ನಾಲ್ವರು ಬೇಟೆಗಾರರು ನಾಲ್ಕು ಚೌಕಗಳು ಕೂಡುವ ಮೂಲೆಯಲ್ಲಿ ಏಣಿಯೊಂದನ್ನು ಇರಿಸಿ, ಖಾಸಗಿ ನೆಲವನ್ನು ಮುಟ್ಟದೆ ಒಂದು ಸಾರ್ವಜನಿಕ ಚೌಕದಿಂದ ಇನ್ನೊಂದಕ್ಕೆ ದಾಟಿದರು. ರ‍್ಯಾಂಚ್‌ನ ಒಡೆಯ ತನ್ನ ನೆಲದ ಮೇಲಿನ ಗಾಳಿಯನ್ನು ಅತಿಕ್ರಮಿಸಿದರೆಂದು ದಶಲಕ್ಷಗಟ್ಟಲೆ ಡಾಲರುಗಳ ಪರಿಹಾರ ಕೇಳಿದ. 2022ರಲ್ಲಿ ಕ್ರಿಮಿನಲ್ ಮೊಕದ್ದಮೆಯಲ್ಲಿ ನಾಲ್ವರೂ ನಿರ್ದೋಷಿಗಳಾದರು. ಸಿವಿಲ್ ದಾವೆಯಲ್ಲಿ 2025ರ ಮಾರ್ಚಿನಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕ ಭೂಮಿಗೆ ಅಕ್ರಮವಾಗಿ ತಡೆಯೊಡ್ಡುವುದನ್ನು ನಿಷೇಧಿಸಿದ 1885ರ ಕಾಯಿದೆಯನ್ನು ಆಧರಿಸಿ ಬೇಟೆಗಾರರ ಪರವಾಗಿ ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಡೆಯನ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ನಾಲ್ವರು ಸಾಮಾನ್ಯರು ಏಣಿಯೊಂದರಿಂದ ಗೆದ್ದದ್ದು ಬೇಟೆಯ ಹಕ್ಕಿಗಿಂತ ದೊಡ್ಡದು. ಸಾರ್ವಜನಿಕ ಭೂಮಿ ಹೆಸರಿಗೆ ಮಾತ್ರ ಸಾರ್ವಜನಿಕವಾಗಿದ್ದು, ಸುತ್ತಲಿನ ಒಡೆಯನ ಅನುಮತಿಯಿಲ್ಲದೆ ಅಲ್ಲಿಗೆ ತಲುಪಲಾಗದಿದ್ದರೆ, ಅದು ಆ ಒಡೆಯನ ಹಿತ್ತಲೇ ಆಗಿಬಿಡುತ್ತದೆ. ಅಂಥ ಹಿತ್ತಲಿನ ಬೇಟೆಯನ್ನು ಮಾರುವವನು ತನ್ನ ವಿದ್ಯೆಯನ್ನು ಮಾರುತ್ತಿಲ್ಲ, ನಮ್ಮೆಲ್ಲರ ಪಾಲನ್ನು ಮಾರುತ್ತಿದ್ದಾನೆ.

ಕೃಷಿ ವಿಜ್ಞಾನದ ದೃಷ್ಟಿಯಿಂದ ಇನ್ನೊಂದು ಅಪಾಯವನ್ನೂ ಗಮನಿಸಬೇಕು. ಬೇಟೆಯ ಒತ್ತಡ ಹೆಚ್ಚಿದಾಗ ಎಲ್ಕ್‌ಗಳು ಸಾರ್ವಜನಿಕ ಅರಣ್ಯ ಬಿಟ್ಟು, ಕೆಲವೇ ಶ್ರೀಮಂತ ಗಿರಾಕಿಗಳಿಗೆ ಮಾತ್ರ ಪ್ರವೇಶವಿರುವ ಖಾಸಗಿ ರ‍್ಯಾಂಚ್‌ಗಳಲ್ಲಿ ಸೇರುತ್ತವೆ. ಅಲ್ಲಿ ದೊಡ್ಡ ಕೊಂಬಿನ ಕೆಲವು ಗಂಡುಗಳು ಬೀಳುತ್ತವೆಯೇ ಹೊರತು ಹಿಂಡಿನ ಸಂಖ್ಯೆ ಇಳಿಯುವುದಿಲ್ಲ. ಬೆಳೆಯುವ ಹಿಂಡು ರಾತ್ರಿ ಪಕ್ಕದ ಬಡ ರೈತನ ಕುದುರೆಮೆಂತ್ಯದ ಹೊಲಕ್ಕಿಳಿಯುತ್ತದೆ. ಲಾಭ ಒಬ್ಬನದು, ನಷ್ಟ ನೆರೆಯವನದು. ಒತ್ತಾಗಿ ಸೇರಿದ ಹಿಂಡಿನಲ್ಲಿ ರೋಗವೂ ಬೇಗ ಹರಡುತ್ತದೆ. ಮಿದುಳನ್ನು ಕ್ಷಯಿಸುವ ಕ್ರಾನಿಕ್ ವೇಸ್ಟಿಂಗ್ ಎಂಬ ರೋಗ 1967ರಲ್ಲಿ ಕೊಲೊರಾಡೊದಲ್ಲಿ ಕೂಡಿಹಾಕಿದ್ದ ಜಿಂಕೆಗಳಲ್ಲಿ ಮೊದಲು ಕಂಡಿತು. 1981ರಲ್ಲಿ ಕಾಡಿನ ಎಲ್ಕ್‌ನಲ್ಲೂ ಪತ್ತೆಯಾಯಿತು. ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬರುವ ಈ ರೋಗಕ್ಕೆ ಔಷಧಿಯಿಲ್ಲ, ಲಸಿಕೆಯಿಲ್ಲ. ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಚಳಿಗಾಲದಲ್ಲಿ ವಯೋಮಿಂಗ್ ಸರ್ಕಾರ ಒಣಹುಲ್ಲು ಹಾಕಿ ಎಲ್ಕ್‌ಗಳನ್ನು ಸಾಕುವ ಮೇವಿನ ನೆಲೆಗಳಲ್ಲಿಯೂ 2024–25ರ ಚಳಿಗಾಲದಲ್ಲಿ ಈ ರೋಗ ಕಾಣಿಸಿಕೊಂಡಿತು. ಹಿಂಡು ದೊಡ್ಡದಿರಲಿ ಎಂಬುದು ಬೇಟೆ ವ್ಯಾಪಾರದ ಆಸೆ; ಹಿಂಡು ಚದುರಿ ಆರೋಗ್ಯವಾಗಿರಲಿ ಎಂಬುದು ಕಾಡಿನ ಅಗತ್ಯ. ಇವೆರಡೂ ಸದಾ ಒಂದೇ ಅಲ್ಲ.

ಹಾಗಾದರೆ ಗೈಡುಗಾರಿಕೆಯೇ ಬೇಡವೇ? ಹಾಗೆನ್ನುವುದು ಅನ್ಯಾಯ. ಅಮೆರಿಕದ ಲೇಸಿ ಕಾಯಿದೆಗೆ 1988ರಲ್ಲಿ ಆದ ತಿದ್ದುಪಡಿಯೊಂದು ಇಲ್ಲಿ ನಮಗೆ ಬೆಳಕು ಕೊಡುತ್ತದೆ. ಅದರಂತೆ ಕಾನೂನುಬಾಹಿರ ಬೇಟೆಗೆ ಹಣ ಪಡೆದು ಗೈಡಾಗುವುದೆಂದರೆ ಆ ಪ್ರಾಣಿಯನ್ನೇ ಮಾರಿದಂತೆ. ನಿಯಮದೊಳಗೆ ನಡೆದವನು ತನ್ನ ಶ್ರಮವನ್ನು ಮಾರುತ್ತಾನೆ. ನಿಯಮ ಮೀರಿದವನು ಮಾರಾಟಕ್ಕಿಲ್ಲದ ಪ್ರಾಣಿಯನ್ನು ಮಾರುತ್ತಾನೆ. ಈ ಗೆರೆ ಸ್ಪಷ್ಟವಾಗಿದೆ. ನಮ್ಮ ವಾದವಿಷ್ಟೇ: ಇದೇ ಗೆರೆಯನ್ನು ಶಾಸನಗಳಿಗೂ ಎಳೆಯಬೇಕು. ಗೈಡನ್ನು ಬೇಕೆಂದವನು ಅವನ ವಿದ್ಯೆಗಾಗಿ ಗೊತ್ತುಮಾಡಿಕೊಳ್ಳಲಿ. ಕಾಡಿನ ಬಾಗಿಲು ತೆರೆಸುವುದಕ್ಕೆ ಅವನು ಬೀಗದ ಕೈಯಾಗಬಾರದು.

ಆ ನಾಡಿನಲ್ಲಿ ನೆಲೆಸಿರುವ ನಮ್ಮವರೂ ಈ ಪುಟಗಳನ್ನು ಓದುತ್ತಾರೆ. ಅಲ್ಲಿನ ಗೆಳೆಯರೊಡನೆ ಇಂಥ ಯಾತ್ರೆಗೆ ಹೊರಡುವವರಿದ್ದರೆ ಅವರಿಗೆ ಕೆಲವು ಮಾತು. ಔಟ್‌ಫಿಟರ್‌ಗೆ ಆ ರಾಜ್ಯದ ಮಂಡಳಿಯ ಪರವಾನಗಿ ಇದೆಯೇ, ರಾಷ್ಟ್ರೀಯ ಅರಣ್ಯದಲ್ಲಿ ದುಡಿಮೆ ನಡೆಸಲು ಅರಣ್ಯ ಸೇವೆಯ ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಿ. ಮುಂಗಡ ಹಣ, ರದ್ದತಿ, ಒಬ್ಬ ಗೈಡಿಗೆ ಎಷ್ಟು ಬೇಟೆಗಾರರು ಎಂಬುದೆಲ್ಲ ಬರಹದಲ್ಲಿರಲಿ. ಪರವಾನಗಿ ಲಾಟರಿಯಲ್ಲಿ ಸಿಗದಿದ್ದರೆ ಮುಂಗಡ ಹಿಂದಿರುಗುವುದೇ ಎಂದು ಕೇಳಿ. ಹೋಗುವ ಭೂಮಿ ಸಾರ್ವಜನಿಕವೋ ಖಾಸಗಿಯೋ, ಖಾಸಗಿಯಾದರೆ ಊರಿನವರಿಗೂ ಅಲ್ಲಿ ಪ್ರವೇಶವಿದೆಯೋ ಎಂದು ತಿಳಿದುಕೊಳ್ಳಿ. ಪ್ರಾಣಿಯ ತಲೆ ಮತ್ತು ಬೆನ್ನುಹುರಿಯನ್ನು ರಾಜ್ಯದ ಗಡಿ ದಾಟಿಸುವ ಬಗ್ಗೆ ರೋಗತಡೆಯ ನಿಯಮಗಳಿವೆ. ಮಾಂಸವನ್ನು ತಿನ್ನುವ ಮುನ್ನ ಪರೀಕ್ಷೆ ಮಾಡಿಸಿ. ಕೊನೆಯದಾಗಿ, ನಿಮ್ಮ ಜೊತೆ ಬೆಟ್ಟ ಹತ್ತುವ ಗೈಡಿಗೆ ದಿನಕ್ಕೆಷ್ಟು ಸಲ್ಲುತ್ತದೆ ಎಂಬುದನ್ನೂ ಕೇಳಿ. ಕೊಂಬಿನ ಅಳತೆಯನ್ನು ಮೊದಲ ಮಾತಿನಲ್ಲೇ ಖಾತರಿಪಡಿಸುವವನಿಂದ ದೂರವಿರಿ. ಕಾಡು ಯಾರಿಗೂ ಖಾತರಿ ಕೊಟ್ಟಿಲ್ಲ.

ನಮ್ಮ ದೇಶವೂ ಈ ವ್ಯಾಪಾರವನ್ನು ಕಂಡಿತ್ತು. ಸ್ವಾತಂತ್ರ್ಯದ ನಂತರದ ಎರಡು ದಶಕಗಳಲ್ಲಿ ಶಿಕಾರಿ ಕಂಪನಿಗಳು ವಿದೇಶೀಯರಿಗೆ ಹುಲಿಬೇಟೆಯನ್ನು ಮಾರುತ್ತಿದ್ದವು. ಹೆಜ್ಜೆ ಹುಡುಕಿದವರು, ಮಚಾನು ಕಟ್ಟಿದವರು, ಕಾಡು ಸೋವಿದವರು ದಿನಗೂಲಿಯ ಕಾಡಿನ ಜನ. 1970ರಲ್ಲಿ ಹುಲಿಬೇಟೆ ನಿಂತಿತು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಬಂದೂಕು ಹೋಯಿತು, ಕ್ಯಾಮೆರಾ ಬಂತು. ಕಬಿನಿಯ ದಂಡೆಯಲ್ಲಿ ಮೈಸೂರು ಮಹಾರಾಜರ ಹಳೆಯ ಬೇಟೆ ಬಂಗಲೆ ಪ್ರವಾಸಿಗರ ತಂಗುದಾಣವಾಯಿತು. ಆದರೆ ಪ್ರಶ್ನೆ ಬದಲಾಗಿಲ್ಲ. ಹುಲಿಯ ಹೆಜ್ಜೆಯನ್ನು ಓದಬಲ್ಲ ಜೇನುಕುರುಬರ ವಿದ್ಯೆಗೆ ಸಫಾರಿಯ ಟಿಕೆಟ್ಟಿನಲ್ಲಿ ಎಷ್ಟು ಪಾಲು? ಘಟ್ಟದ ಶಿಖರಗಳಿಗೆ ಬರುವ ಚಾರಣಿಗರ ಹಣದಲ್ಲಿ ದಾರಿ ತೋರುವ ಊರಿನ ಹುಡುಗನಿಗೆ ಎಷ್ಟು, ನಗರದ ಏರ್ಪಾಡುದಾರನಿಗೆ ಎಷ್ಟು?

ರಾಕಿ ಪರ್ವತಗಳ ಅನುಭವ ನಮಗೆ ಎರಡು ಮಾತು ಹೇಳುತ್ತದೆ. ಕಾಡನ್ನು ಬಲ್ಲವನ ವಿದ್ಯೆಗೆ ಧಾರಾಳವಾಗಿ, ನೇರವಾಗಿ ಅವನ ಕೈಗೇ ಬೆಲೆ ಸಲ್ಲಬೇಕು. ಎಲ್ಲರಿಗೂ ಸೇರಿದ ಕಾಡಿನ ಬಾಗಿಲಿಗೆ ಮಾತ್ರ ಯಾರೂ ಬೆಲೆ ಕಟ್ಟುವಂತಾಗಬಾರದು. ಪ್ರವೇಶವನ್ನು ಮಿತಿಗೊಳಿಸಲೇಬೇಕಾದಾಗ, ಕಾಡಿನ ತಾಳಿಕೆಯನ್ನು ನೋಡಿ ಮಿತಿ ಹಾಕಲಿ, ಬಂದವನ ಕಿಸೆಯನ್ನು ನೋಡಿ ಅಲ್ಲ. ನಮ್ಮ ತಾಲ್ಲೂಕುಗಳ ಪರಿಸರ ಪ್ರವಾಸದ ಯೋಜನೆಗಳ ಮೇಲೆ ಆಕ್ಷೇಪಣೆ, ಸಲಹೆಗಳನ್ನು ಕರೆದಾಗ ಗ್ರಾಮಸಭೆಗಳು ಈ ಎರಡು ಮಾತುಗಳನ್ನು ಬರೆದು ಸಲ್ಲಿಸಲಿ ಎಂಬುದು ನಮ್ಮ ಕೋರಿಕೆ.